ಬಿದ್ದವರನ್ನು ಎತ್ತುವ ಮುನ್ನ

ಮಾನ್ಯ ಸಂಪಾದಕರೇ,

ಭತ್ತದ ಕೊಯ್ಲು ಶುರುವಾದರೆ ಗಂಗಾವತಿ, ಕಾರಟಗಿ ರಸ್ತೆಗಳ ತುಂಬ ಟ್ರ್ಯಾಕ್ಟರ್‌ಗಳು. ಟ್ರ್ಯಾಲಿಯಿಂದ ಯಾರಾದರೂ ಬಿದ್ದರೆ ನಾಲ್ಕು ಜನ ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂರಿಸುತ್ತಾರೆ. ಉದ್ದೇಶ ಒಳ್ಳೆಯದೇ, ಕೆಡುವುದು ಮಾತ್ರ ಅಲ್ಲೇ: ಹಾಗೆ ಎತ್ತುವಾಗ ಕತ್ತು ಬಾಗಿ ಬೆನ್ನುಹುರಿಗೆ ಪೆಟ್ಟಾಗಬಹುದು.

ಮಿದುಳು, ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಮಿದುಳಿನಿಂದ 12 ಜೊತೆ, ಹುರಿಯಿಂದ 31 ಜೊತೆ ನರಗಳು ಹೊರಟು ಮೈಯೆಲ್ಲ ಹರಡುತ್ತವೆ. ಹುರಿಯ ಉದ್ದ ಸುಮಾರು 45 ಸೆಂ.ಮೀ.; ಸೊಂಟದ ಮೊದಲೆರಡು ಮೂಳೆಗಳ ಹತ್ತಿರ ಮುಗಿಯುತ್ತದೆ. ಕೆಳಗಿರುವುದು ಕುದುರೆ ಬಾಲದಂಥ ನರಗಳ ಗೊಂಚಲು.

ಕತ್ತಿನ 3, 4, 5ನೇ ನರಗಳು ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ನಡೆಸುತ್ತವೆ. ಅದಕ್ಕೂ ಮೇಲೆ ಹುರಿ ತುಂಡಾದರೆ ಉಸಿರೇ ನಿಲ್ಲುತ್ತದೆ. ಎದೆಮಟ್ಟದಲ್ಲಾದರೆ ಕೈ ಉಳಿದು ಕಾಲು ಹೋಗುತ್ತದೆ. ಮೂಳೆ ಮುರಿದರೂ ಹುರಿ ಉಳಿದಿರಬಹುದು. ನಾವು ಕತ್ತು ಬಾಗಿಸಿದಾಗ ಮುರಿದ ಚೂರು ಅದನ್ನು ಒತ್ತುತ್ತದೆ. ಕೈಕಾಲಿನ ನರ ದಿನಕ್ಕೆ ಸುಮಾರು 1 ಮಿ.ಮೀ. ಮರಳಿ ಬೆಳೆಯಬಲ್ಲದು, ಹುರಿ ಹಾಗೆ ಬೆಳೆಯದು.

ಆದ್ದರಿಂದ 108ಕ್ಕೆ ಕರೆ ಮಾಡಿ, ತಲೆಯನ್ನು ಎರಡೂ ಕಡೆಯಿಂದ ಅಲುಗದಂತೆ ಹಿಡಿದಿರಿ. ನೀರು ಕುಡಿಸಬೇಡಿ. ಸಾಗಿಸಲೇಬೇಕಾದರೆ ಒಬ್ಬರು ತಲೆ, ಮೂವರು ಭುಜ, ಸೊಂಟ, ಕಾಲು ಹಿಡಿದು, ತಲೆ ಹಿಡಿದವರ ಎಣಿಕೆಗೆ ಮರದ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ. ಪ್ರತಿ ಅಕ್ಕಿ ಗಿರಣಿಯಲ್ಲೂ ಆರಡಿ ಹಲಗೆಯೊಂದನ್ನು ಇಡಿಸಲು ಪಂಚಾಯಿತಿಗಳು ಹೇಳಲಿ.

– ಅಂಗರಚನಾಶಾಸ್ತ್ರ ಉಪನ್ಯಾಸಕರು, ಕೊಪ್ಪಳ