ಸ್ವಂತ ಪ್ರಕಾಶನದ ಕಾದಂಬರಿ: ತಪ್ಪು ಹುಟ್ಟುವ ಜಾಗ ಡಿಟಿಪಿ

ಮಾನ್ಯ ಸಂಪಾದಕರೇ,

ಲೇಖಕರೇ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸುವ ಕಾದಂಬರಿಗಳಲ್ಲಿ ಕಾಗುಣಿತದ ತಪ್ಪು ಬಹಳ ಎಂಬ ದೂರು ಆಗಾಗ ಕೇಳಿಬರುತ್ತದೆ. ದೂರು ಸುಳ್ಳಲ್ಲ. ಆದರೆ ಆ ತಪ್ಪುಗಳಲ್ಲಿ ಹೆಚ್ಚಿನವು ಹಸ್ತಪ್ರತಿಯಲ್ಲಿ ಇರುವುದೇ ಇಲ್ಲ, ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕೂಡಿಸುವ ಕೆಲಸ, ಮಾಡುವಾಗ ಸೇರಿಕೊಳ್ಳುತ್ತವೆ. ಹಾಗೆಂದು ಲೇಖಕರ ಹೊಣೆ ತಪ್ಪುವುದಿಲ್ಲ.

ಕಲಬುರಗಿ, ಬೀದರ, ಯಾದಗಿರಿ ಕಡೆ ಹೀಗೆ ಪುಸ್ತಕ ತರುವವರಲ್ಲಿ ಶಾಲೆ ಮಾಸ್ತರರು, ನೌಕರದಾರರು ಬಹಳ. ಬರವಣಿಗೆಗೆ ಸಿಗುವುದು ಬೆಳಗಿನ ಒಂದೆರಡು ತಾಸು. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಫ್ಯಾನಿನ ಕೆಳಗೂ ಕೂಡಲಾಗದು. ದಿನಕ್ಕೆ 500 ಪದ ಎಂದರೂ 50,000 ಪದಕ್ಕೆ ನೂರು ದಿನ ಬೇಕು. ಮದುವೆ, ಜಾತ್ರೆ, ಪರೀಕ್ಷಾ ಡ್ಯೂಟಿ ಕಳೆದರೆ ಐದಾರು ತಿಂಗಳು. ಜೊತೆಗೊಂದು ನೋಟ್‌ಬುಕ್ ಇಟ್ಟು ಪಾತ್ರಗಳ ಹೆಸರು, ವಯಸ್ಸು, ನಡೆಯುವ ತಿಂಗಳು, ಆಗ ಹೊಲದಲ್ಲಿರುವ ಬೆಳೆ ಬರೆದುಕೊಳ್ಳಬೇಕು. ಚಳಿಗಾಲದ ಎಳ್ಳಮಾವಾಸ್ಯೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವ ದೃಶ್ಯದಲ್ಲಿ ಮುಂಗಾರಿನ ತೊಗರಿ ಬಿತ್ತನೆ ನಡೆದಿದ್ದರೆ ನಮ್ಮ ಓದುಗರು ಪುಸ್ತಕ ಅಲ್ಲಿಗೇ ಮುಚ್ಚುತ್ತಾರೆ.

ಮಾತಿನ ಕಾಗುಣಿತಕ್ಕೂ ಅದೇ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬೇಕು. ‘ಮಾಡ್ಲಕತ್ತಾನ’ ಎಂದೋ ‘ಮಾಡ್ಲಾಕತ್ತಾನ’ ಎಂದೋ ಒಂದನ್ನು ಗಟ್ಟಿ ಮಾಡಿ ಕೊನೆತನಕ ಅದನ್ನೇ ನಡೆಸಬೇಕು. ಆ ಪುಟದ ನಕಲನ್ನು ಪ್ರೂಫ್ ನೋಡುವವರಿಗೂ ಕೊಡಬೇಕು. ಇಲ್ಲವಾದರೆ ಅವರು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ‘ಮಾಡುತ್ತಿದ್ದಾನೆ’ ಎಂದು ತಿದ್ದಿಬಿಡುತ್ತಾರೆ.

ಇನ್ನು ಡಿಟಿಪಿ. ಲೇಖಕರು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯುನಿಕೋಡಿನಲ್ಲಿ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಟೈಪ್ ಮಾಡಿರುತ್ತಾರೆ. ಅನೇಕ ಅಂಗಡಿಗಳಲ್ಲಿ ಇಂದಿಗೂ ಪುಟ ಕೂಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇದೆ. ಅದಕ್ಕೆ ಯುನಿಕೋಡ್ ಕನ್ನಡ ತಿಳಿಯದು. ಹಾಗಾಗಿ ಕಡತವನ್ನು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಪರಿವರ್ತಿಸುತ್ತಾರೆ, ಅನರ್ಥ ಅಲ್ಲೇ ಆಗುತ್ತದೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುತ್ತದೆ, ಉದ್ಧರಣ ಚಿಹ್ನೆಯ ಜಾಗದಲ್ಲಿ ಯಾವುದೋ ಅಕ್ಷರ ಕೂಡುತ್ತದೆ. ಆ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ. ಅದಕ್ಕೇ ನಡುವೆ ಬಂದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗುತ್ತದೆ. ‘ಮಾರ್ಕೆಟ್‌ನಲ್ಲಿ’ ಎಂಬುದರ ನಡುವಿನ ಕಾಣದ ಚಿಹ್ನೆ ಬಿದ್ದುಹೋದರೆ ‘ಮಾರ್ಕೆಟ್ನಲ್ಲಿ’ ಎಂದು ಒತ್ತಕ್ಷರ ಅಂಟಿಕೊಳ್ಳುತ್ತದೆ. ಅರ್ಧಾಕ್ಷರ ಹೇರಳವಾಗಿರುವ ನಮ್ಮ ಆಡುಮಾತಿನ ಸಂಭಾಷಣೆಗೆ ಈ ಏಟು ಹೆಚ್ಚು. ಯುನಿಕೋಡನ್ನೇ ನೇರವಾಗಿ ಅದನ್ನು ಅರಿಯುವ ತಂತ್ರಾಂಶ ಇನ್‌ಡಿಸೈನಿನಲ್ಲಿ ಕೂಡಿಸುವವರನ್ನು ಹುಡುಕುವುದು ಮೇಲು. ಅಲ್ಲಿಯೂ ಭಾರತೀಯ ಲಿಪಿಗೆ ಬೇಕಾದ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿದ್ದಾರೆಯೇ, ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿದ್ದಾರೆಯೇ ಎಂದು ಕೇಳಬೇಕು.

ಪ್ರೂಫ್ ಮೂರು ಸಲವಾದರೂ ಬೇಕು: ಪರಿವರ್ತನೆಯಾದ ತಕ್ಷಣ ಒಮ್ಮೆ, ಪುಟ ಕೂಡಿಸಿದ ಮೇಲೆ ಕಾಗದದ ಮೇಲೆ ಒಮ್ಮೆ, ಮುದ್ರಣಾಲಯದ ಮಾದರಿ ಪ್ರತಿ, ಅಂದರೆ ಡಮ್ಮಿಯಲ್ಲಿ ಒಮ್ಮೆ. ಎರಡನೆಯದನ್ನು ಬೇರೆಯವರು ನೋಡಲಿ. ಬರೆದವರ ಕಣ್ಣು ಇಲ್ಲದ ಅಕ್ಷರವನ್ನೂ ಓದಿಕೊಂಡು ಹೋಗುತ್ತದೆ. ತಿದ್ದುಪಡಿ ಹಾಕುವಾಗಲೇ ಹೊಸ ತಪ್ಪು ಹುಟ್ಟುವುದರಿಂದ ತಿದ್ದಿದ ಸಾಲಷ್ಟೇ ಅಲ್ಲ, ಇಡೀ ಪ್ಯಾರಾ ಮತ್ತೆ ಓದಬೇಕು.

ಪುಟದ ಲೆಕ್ಕಕ್ಕೆ ಬಂದರೆ, ಕಾದಂಬರಿಗಳ ಸಾಮಾನ್ಯ ಅಳತೆಯಾದ 1/8 ಡೆಮಿ ಆಕಾರದಲ್ಲಿ ಒಂದು ಫಾರ್ಮ್ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಎಂದರೆ 16 ಪುಟ. 208 ಪುಟ 13 ಫಾರ್ಮಿಗೆ ಸರಿಹೋಗುತ್ತದೆ. 211 ಆದರೆ 14ನೆಯ ಫಾರ್ಮ್ ಹಿಡಿದು 13 ಪುಟ ಖಾಲಿ ಉಳಿಯುತ್ತವೆ. ಆ ಮೂರು ಪುಟವನ್ನು ಮುನ್ನುಡಿಯಿಂದ ಕಡಿಯಬಹುದು, ಬಹುತೇಕ ಮುನ್ನುಡಿಗಳಿಗೆ ಅದರಿಂದ ನಷ್ಟವೇನಿಲ್ಲ. 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದದಲ್ಲಿ 208 ಪುಟದ ಬೆನ್ನು 9-10 ಮಿ.ಮೀ. ಬರುತ್ತದೆ. ಪುಟ ಗಟ್ಟಿಯಾಗುವ ಮೊದಲೇ ಮುಖಪುಟ ಮಾಡಿಸಿದರೆ ಬೆನ್ನಿನ ಮೇಲಿನ ಹೆಸರು ಮುಂದಕ್ಕೋ ಹಿಂದಕ್ಕೋ ಹೊರಳುತ್ತದೆ.

ಸಾವಿರ ಪ್ರತಿಯ ಆಸೆ ಬೇಡ. ಆಫ್‌ಸೆಟ್‌ನಲ್ಲಿ ಅಚ್ಚಿಗೆ ಮಾಡಿಸುವ ಪ್ಲೇಟಿನ ಖರ್ಚು ಹೆಚ್ಚು ಪ್ರತಿಗೆ ಹಂಚಿದಷ್ಟೂ ಅಗ್ಗ ಎಂಬುದು ದಿಟ, ಆದರೆ ಆ ಅಗ್ಗ ಮಾರಾಟವಾದ ಪ್ರತಿಗೆ ಮಾತ್ರ. ಮೊದಲು ಡಿಜಿಟಲ್‌ನಲ್ಲಿ 200 ಸಾಕು. ಬೆಲೆ 250 ರೂಪಾಯಿ ಇಟ್ಟು ಅಂಗಡಿಗೆ ಶೇ 35 ಬಿಟ್ಟರೆ ಕೈಗೆ ಬರುವುದು 162.50. ಪ್ರತಿಯ ಮುದ್ರಣಕ್ಕೆ 90 ಹೋದರೆ ಉಳಿದ 72.50ರಲ್ಲಿ ಪ್ರೂಫ್, ಮುಖಪುಟ, ಸಾಗಣೆ, ಗೌರವಪ್ರತಿ ಎಲ್ಲ ತೂಗಬೇಕು. ಉಳಿದ ಗಂಟುಗಳನ್ನು ಬರೀ ಫರಸಿ ನೆಲದ ಮೇಲೆ ಇಡದೆ ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಬೇಕು. ಮಳೆಗಾಲದ ತಂಪು, ಗೆದ್ದಲು ಎರಡೂ ಕೆಳಗಿನಿಂದಲೇ ಏರುತ್ತವೆ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪಡೆಯಲು ಸರ್ಕಾರದ ಶುಲ್ಕವಿಲ್ಲ; ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಬೇರೆಯವರ ಸಂಖ್ಯೆ ಕೊಂಡರೆ ದಾಖಲೆಯಲ್ಲಿ ಅವರೇ ಪ್ರಕಾಶಕರಾಗುತ್ತಾರೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟಣೆಯ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ತಲಾ ಒಂದು ಪ್ರತಿ ಕಳಿಸಬೇಕು. ಇದು ಸ್ವಂತ ಪ್ರಕಾಶನಕ್ಕೂ ಅನ್ವಯ.

208 ಪುಟದ ಪುಸ್ತಕ ಸುಮಾರು 240 ಗ್ರಾಂ ತೂಗುತ್ತದೆ. 2025ರ ಮೇ ತಿಂಗಳಿಂದ ಇರುವ ಅಂಚೆಯ ಪುಸ್ತಕ ಸೇವೆ ‘ಜ್ಞಾನ ಪೋಸ್ಟ್’ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಇರಕೂಡದು. ಕಾದಂಬರಿಯನ್ನು ಅದರಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಕೌಂಟರಿನಲ್ಲಿ ಮೊದಲೇ ಕೇಳಿಕೊಂಡರೆ ಒಳಿತು.

ಪತ್ರಿಕೆಗೂ ಒಂದು ಮನವಿ. ಪುಸ್ತಕ ಪರಿಚಯದ ಅಂಕಣದಲ್ಲಿ ಪುಟ, ಬೆಲೆಯ ಜೊತೆಗೆ ಪುಸ್ತಕ ಎಲ್ಲಿ ಸಿಗುತ್ತದೆ ಎಂಬ ಒಂದು ಸಾಲನ್ನೂ ದಯವಿಟ್ಟು ಹಾಕಿ. ದೊಡ್ಡ ಪ್ರಕಾಶನದ ಪುಸ್ತಕ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಇಂಥವು ಹೆಚ್ಚೆಂದರೆ ಊರಿನ ಒಂದೆರಡು ಅಂಗಡಿಯಲ್ಲಿ.

– ಕೆಲವು ಲೇಖಕ-ಪ್ರಕಾಶಕರು, ಕಲಬುರಗಿ