ರೈಟರಣ್ಣನ ಎಡ ಭುಜ

ಈ ಕೈಲ್ ಮುಹೂರ್ತ ಹಬ್ಬಕ್ಕೆ ಅಜ್ಜಿಗೆ ಮನೆಯಲ್ಲೇ ಡಯಾಲಿಸಿಸ್ ಶುರು ಮಾಡಿ ಒಂದು ವರ್ಷ. ದಿನಕ್ಕೆ ನಾಲ್ಕು ಚೀಲ, ಒಂದೊಂದರಲ್ಲಿ ಹೊಟ್ಟೆಗೆ ತುಂಬಿಸಿ ತೆಗೆಯುವ ಎರಡು ಲೀಟರ್ ಔಷಧಿ ನೀರು. ವರ್ಷಕ್ಕೆ 1,460 ಚೀಲ. ಖಾಲಿ ರಟ್ಟಿನ ಪೆಟ್ಟಿಗೆಗಳಿಂದ ಕೊಟ್ಟಿಗೆಯ ಒಂದು ಮೂಲೆ ತುಂಬಿದೆ.

ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು, ಯಾವ ಮಾತ್ರೆ ಯಾಕೆ ಬದಲಾಯಿತು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತೇ ಇದೆ. ಇದು ಸುಮ್ನೆ ಥ್ಯಾಂಕ್ಸ್ ಹೇಳಲು ಬರೆದದ್ದು. ಒಬ್ಬರಿಗೆ ಜಾಸ್ತಿ, ಉಳಿದವರಿಗೆ ಕಡಿಮೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಡಿಮೆಯವರು. ಮೈಸೂರಿನಲ್ಲಿ ನಾಲ್ಕು ವಾರ ನಮ್ಮನ್ನು ಇಟ್ಟುಕೊಂಡ ಚಿಕ್ಕಮ್ಮ, ರಕ್ತ ಕೊಟ್ಟ ಇಬ್ಬರು ಹುಡುಗರು, ಕೈ ತೊಳೆಯುವುದನ್ನೇ ಆರು ಸಲ ಮಾಡಿಸಿ ಆರನೇ ಸಲ ಪಾಸ್ ಮಾಡಿದ ನರ್ಸಕ್ಕ, ಗೇಟಿನಿಂದ ಮನೆವರೆಗೆ ಕೆಸರಿನಲ್ಲಿ ಪೆಟ್ಟಿಗೆ ಹೊತ್ತು ತರುವ ವ್ಯಾನಿನವರು. ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಇನ್ನು ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರಣ್ಣ.

ಹೋದ ವರ್ಷದ ಆಟಿ ತಿಂಗಳ ಜೋರು ಮಳೆ. ಮೂರು ದಿನದಿಂದ ಕರೆಂಟ್ ಇರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಅಜ್ಜಿಗೆ ಮಲಗಲು ಆಗುತ್ತಿರಲಿಲ್ಲ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು, ಎಬ್ಬಿಸಿದರೆ ಸ್ವಲ್ಪ ಬರುತ್ತಿತ್ತು. ಕಿಡ್ನಿ ಹೊರಗೆ ಹಾಕದ ನೀರು ಶ್ವಾಸಕೋಶಕ್ಕೆ ಏರಿತ್ತು ಅಂತ ಆಮೇಲೆ ತಿಳಿಯಿತು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು, ಆದರೆ ಚೇರಂಬಾಣೆಯ ಹತ್ತಿರ ಬಿದ್ದ ಮರದ ಆಚೆ ನಿಂತಿತು. ನಾವು ಭಾಗಮಂಡಲದ ಈಚೆ.

ರೈಟರಣ್ಣ ಜೀಪ್ ತಂದರು. ಸ್ಟೇರಿಂಗ್ ನನ್ನ ತಮ್ಮನಿಗೆ ಕೊಟ್ಟು ತಾವು ಹಿಂದೆ ಕೂತರು. ಅಜ್ಜಿಯ ಬೆನ್ನನ್ನು ಎಡ ಭುಜಕ್ಕೆ ಒರಗಿಸಿಕೊಂಡರು. ಮರ ಕೊಯ್ಯುವ ಮಿಷನ್ ಅವರದೇ. ಆದರೂ ಮರ ಸಿಕ್ಕಾಗ ಅವರು ಇಳಿಯಲಿಲ್ಲ, ಜೊತೆಗೆ ಬಂದಿದ್ದ, ತೋಟದ ಕೆಲಸದವರ ಲೈನ್ ಮನೆಯ ಹುಡುಗರ ಕೈಗೆ ಕೊಟ್ಟರು. ತಾವು ಅಲುಗಾಡಿದರೆ ಅಜ್ಜಿ ಜಾರುತ್ತಾರೆ, ಜಾರಿದರೆ ಉಸಿರು ನಿಲ್ಲುತ್ತದೆ. ಟಾರ್ಪಾಲಿನ ತೂತಿನಿಂದ ನೀರು ಸೀದಾ ಅವರ ಕುತ್ತಿಗೆಗೆ ಸುರಿಯುತ್ತಿತ್ತು. ಅವರು ಅಜ್ಜಿಗೆ ಒಂದೇ ಸಮನೆ ಪ್ರಶ್ನೆ ಕೇಳುತ್ತಿದ್ದರು. ಈ ಸಲ ಮೆಣಸಿನ ಬಳ್ಳಿಗೆ ಸೊರಗು ರೋಗ ಎಲ್ಲೆಲ್ಲಿ ಬಂತು, ಏಲಕ್ಕಿ ಒಣಗಿಸುವ ಗೂಡು ಯಾವಾಗ ಬಿತ್ತು. ಇಂಥ ಹೊತ್ತಿನಲ್ಲಿ ಇದೆಂಥ ಹರಟೆ ಅಂತ ನನಗೆ ಸಿಟ್ಟು ಬಂತು. ಉತ್ತರ ಬರುತ್ತಿದೆಯಾ ಅಂತ ನೋಡುತ್ತಿದ್ದರು ಎಂಬುದು ಹೊಳೆದದ್ದು ವಾರ ಕಳೆದ ಮೇಲೆ.

ಎರಡನೇ ಮರದ ಹತ್ತಿರ ನನಗೆ, ಇಲ್ಲೇ ಮುಗಿದುಹೋಗಲಿ ಅನ್ನಿಸಿತು. ಅಜ್ಜಿಯ ಕಷ್ಟ ನೋಡಲಾಗದೆ ಹಾಗೆ ಅನ್ನಿಸಿತು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೇ ಸಾಕಾಗಿತ್ತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮಡಿಕೇರಿ ಮುಟ್ಟಿದಾಗ ಬೆಳಗಿನ ಜಾವ ಎರಡು ಗಂಟೆ. ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೂ ರೈಟರಣ್ಣ ಸ್ವಲ್ಪ ಹೊತ್ತು ಹಾಗೇ ವಾಲಿಕೊಂಡು ಕೂತಿದ್ದರು. ಭುಜ ಮರಗಟ್ಟಿತ್ತು.

ಮರುದಿನ ಮೈಸೂರು. ಕುತ್ತಿಗೆಗೆ ಟ್ಯೂಬ್ ಹಾಕಿ ಡಯಾಲಿಸಿಸ್. ನಾಲ್ಕು ದಿನದ ನಂತರ ಡಾಕ್ಟರ್ ನಮ್ಮನ್ನು ಕೂರಿಸಿ ಮುಂದೇನು ಅಂತ ಕೇಳಿದರು. ಕಿಡ್ನಿ ಕಸಿ ಮಾಡಬಹುದಾ ಎಂದೆ. ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿಯ ನಂತರ ಮೊಮ್ಮಕ್ಕಳೂ ಹತ್ತಿರದ ಸಂಬಂಧಿಕರ ಲೆಕ್ಕಕ್ಕೆ ಬರುತ್ತಾರೆ, ನನ್ನದೇ ಕೊಡುತ್ತೇನೆ ಎಂದೆ. ವಯಸ್ಸು 76 ಅನ್ನುವುದಕ್ಕಿಂತ ಹೃದಯದ್ದೇ ತೊಂದರೆ, ಆ ಆಪರೇಷನ್ ತಡೆಯಲಿಕ್ಕಿಲ್ಲ ಎಂದರು. ಅಜ್ಜಿ ಇನ್ನೂ ಸುಲಭವಾಗಿ ಹೇಳಿದರು: "ಗೋಡೆ ಬೀಳುವ ಮನೆಗೆ ಹೊಸ ಹೆಂಚು ಹೊದಿಸುತ್ತಾರಾ?"

ಡಯಾಲಿಸಿಸ್ ಮಾಡದೆ ಇರುವುದೂ ಒಂದು ದಾರಿ, ಉಬ್ಬಸ, ತುರಿಕೆ, ವಾಂತಿ, ನೋವಿಗೆ ಔಷಧಿ ಕೊಡುತ್ತಾ ನೋಡಿಕೊಳ್ಳಬಹುದು ಎಂದೂ ಡಾಕ್ಟರ್ ಹೇಳಿದರು. ನಾನು ಕಿರುಚಾಡಿದೆ. ಡಾಕ್ಟರೇ, ಕ್ಷಮಿಸಿ. ನೀವು ಹೇಳದೆ ಬಿಟ್ಟಿದ್ದರೆ ತಪ್ಪಾಗುತ್ತಿತ್ತು. ಅಜ್ಜಿ ಆ ದಾರಿಯನ್ನು ಇವತ್ತಿಗೂ ಮರೆತಿಲ್ಲ. "ಸಾಕು ಅನ್ನಿಸಿದ ದಿನ ಹೇಳುತ್ತೇನೆ, ಆಗ ಕೂಗಬೇಡ" ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಉಳಿದದ್ದು ಎರಡು. ಒಂದು, ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಮಡಿಕೇರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಿಷನ್ನಿನ ಪಕ್ಕ ಮಲಗುವುದು. ಅದಕ್ಕೆ ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಬೇಕು, ಅದು ಬಲಿಯಲು ವಾರಗಟ್ಟಲೆ ಬೇಕು. ಇನ್ನೊಂದು, ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ಮನೆಯಲ್ಲೇ ನೀರು ತುಂಬಿಸಿ ತೆಗೆಯುವುದು. ನಾವು ಒಂದನೆಯದಕ್ಕೇ ವಾಲಿದ್ದೆವು. ಆಸ್ಪತ್ರೆ ಅಂದರೆ ಧೈರ್ಯ, ಅಲ್ವಾ? ಅಜ್ಜಿಯನ್ನು ನೋಡಲು ಬಂದ ರೈಟರಣ್ಣ ಜೇಬಿನಿಂದ ಪೆನ್ಸಿಲ್ ತೆಗೆದರು. ಮನೆಯಿಂದ ಮಡಿಕೇರಿಗೆ 42 ಕಿಲೋಮೀಟರ್. ಹೋಗಿ ಬಂದರೆ 84. ವರ್ಷಕ್ಕೆ 156 ಸಲ. ಕೂಲಿಯವರ ಹಾಜರಿಯ ಚೆಕ್‌ರೋಲ್ ಬರೆಯುವ ಅದೇ ಅಕ್ಷರದಲ್ಲಿ 13,104 ಎಂದು ಬರೆದು, "ಇದರಲ್ಲಿ ಮಳೆಗಾಲ ಎಷ್ಟು ಅಂತ ನೀವೇ ಕಳೆಯಿರಿ" ಅಂದರು.

ಹಾಗಾಗಿ ಎರಡನೆಯದನ್ನೇ ಆರಿಸಿದೆವು. ಚೀಲದ ನೀರು ತಾನಾಗಿ ಇಳಿಯುತ್ತದೆ. ಮೇಲೆ ಒಂದು ಮೊಳೆ ಸಾಕು, ಕರೆಂಟ್ ಬೇಡ. ಈ ಮಳೆಗಾಲ ಭಾಗಮಂಡಲದ ಸಂಗಮದಲ್ಲಿ ನೀರು ರಸ್ತೆಗೆ ಬಂದಾಗಲೂ ಅಜ್ಜಿಯ ಒಂದು ಚೀಲವೂ ತಪ್ಪಲಿಲ್ಲ.

ಸುಲಭ ಅಂತ ಅಂದುಕೊಳ್ಳಬೇಡಿ. ಪ್ರತಿ ಸಲ ಕಿಟಕಿ ಮುಚ್ಚಬೇಕು, ಮಾಸ್ಕ್ ಹಾಕಬೇಕು, ಅರ್ಧ ಗಂಟೆ ಕೂರಬೇಕು. ಹೊರಗೆ ಬಂದ ನೀರು ಮಸುಕಾಗಿದ್ದರೆ ಹೊಟ್ಟೆಯೊಳಗೆ ಸೋಂಕು. ರೈಟರಣ್ಣ ದಿನಾ ಸಂಜೆ ಬಂದು ಚೀಲದ ಹಿಂದೆ ಪೇಪರ್ ಹಿಡಿದು ಓದುತ್ತಾರೆ. ಅಕ್ಷರ ಕಂಡರೆ ನೀರು ತಿಳಿ. ಫೆಬ್ರವರಿಯಲ್ಲಿ, ಕಾಫಿ ಕುಯಿಲಿನ ಗಡಿಬಿಡಿಯಲ್ಲಿ, ಒಂದು ದಿನ ಹೆಡ್ಡಿಂಗೂ ಕಾಣಲಿಲ್ಲ. ಅದೇ ರಾತ್ರಿ ಹೊರಟೆವು. ಬೇಗ ಬಂದದ್ದಕ್ಕೆ ಚೀಲಕ್ಕೇ ಆಂಟಿಬಯೋಟಿಕ್ ಹಾಕಿ ಗುಣವಾಯಿತು.

ಇಷ್ಟೆಲ್ಲ ಆದರೂ ಅವರಿಗೆ ಥ್ಯಾಂಕ್ಸ್ ಅಂದರೆ ಮುಖ ತಿರುಗಿಸುತ್ತಾರೆ. ಫೇಸ್‌ಬುಕ್ಕೂ ಇಲ್ಲ. ಆ ಎಡ ಭುಜ ಇನ್ನೂ ಚಳಿಗೆ ಹಿಡಿಯುತ್ತದೆ ಅಂತ ಅವರ ಹೆಂಡತಿ ಮೊನ್ನೆ ಬಾಯಿ ಬಿಟ್ಟರು. ಅಜ್ಜಿ ಆವತ್ತಿನಿಂದ ಎಣ್ಣೆ ಕಾಯಿಸಿ ಕಳಿಸುತ್ತಿದ್ದಾರೆ.

ಕೊನೆಗೆ ಒಂದು ವಿನಂತಿ. ಅಜ್ಜಿಯನ್ನು ನೋಡಲು ಬರುವವರು ಕಿತ್ತಳೆ ತನ್ನಿ, ಈಗ ಎರಡು ತೊಳೆ ತಿನ್ನಬಹುದು. ಧಾರೆಹುಳಿ (ಸ್ಟಾರ್ ಫ್ರೂಟ್) ಮಾತ್ರ ಬೇಡವೇ ಬೇಡ. ಕಿಡ್ನಿ ಹೋದವರಿಗೆ ಅದು ವಿಷ, ತಲೆಗೇ ಏರುತ್ತದೆ. ನಮ್ಮ ಅಂಗಳದಲ್ಲೇ ಒಂದು ಮರ ಇದೆ. ಕಡಿಯಲು ಅಜ್ಜಿ ಬಿಡಲಿಲ್ಲ. ಹಾಗಾಗಿ ಕಾಯಿಬಿಡುವ ಕಾಲದಲ್ಲಿ ರೈಟರಣ್ಣ ಅಜ್ಜಿ ಏಳುವ ಮೊದಲೇ ಬಂದು ಬಿದ್ದದ್ದನ್ನೆಲ್ಲ ಹೆಕ್ಕಿಕೊಂಡು ಹೋಗುತ್ತಾರೆ. ಅವರ ಮನೆಯಲ್ಲಿ ನಾಲ್ಕು ಭರಣಿ ಉಪ್ಪಿನಕಾಯಿ ಆಗಿದೆಯಂತೆ. ಬೇಕಾದವರು ಅಲ್ಲಿ ಕೇಳಿ.