ಕಾಡುಪಾಪಕ್ಕೆ ಜಿಗಿಯೋಕೆ ಬರಲ್ಲ ಕಣೋ

ಮಂಜು,

ಹೋದ ವಾರ ನಾಗವಲ್ಲಿ ಕಡೆ ಮಾವನ ತೋಟಕ್ಕೆ ಹೋಗಿದ್ದೆ. ರಾತ್ರಿ ಮುದ್ದೆ ಉಂಡು, ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬೇಲಿ ಸಾಲಿಗೆ ಹೊರಟೆವು. ಕಾಡುಪಾಪ ನೋಡೋಕೆ. ಬಿಳಿ ಬೆಳಕು ಅದರ ಕಣ್ಣಿಗೆ ಆಗೋದಿಲ್ಲ. ಹುಣಸೆ ಮರದಲ್ಲಿ ಎರಡು ಕೆಂಡದ ಚುಕ್ಕಿ ಹೊಳೆದವು. ಅದೇ, ಮಂಗಗಳ ದೂರದ ನೆಂಟ, ರಾತ್ರಿ ಮಾತ್ರ ಓಡಾಡುವ ಪುಟ್ಟ ಕಾಡುಪಾಪ!

ಅದನ್ನು ನೋಡಿದರೆ ಕೇಡು ಅಂತ ನಿಮ್ಮಜ್ಜಿ ಹೆದರಿಸುತ್ತಿದ್ದರು, ನೆನಪಿದೆಯಾ? ಕೇಡಾಗೋದು ಪಾಪ ಅದಕ್ಕೇ. ಮಾಟ-ಮಂತ್ರಕ್ಕೆ ಅಂತ ಹಿಡಿಯುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೂ ಇದೆ.

ಕಡ್ಡಿಯಂಥ ಕೈಕಾಲು, ಬಾಲ ಕಾಣೋದೇ ಇಲ್ಲ, ಮುಖದ ತುಂಬ ಕಣ್ಣು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಬಂದ ಚೂರು ಬೆಳಕನ್ನೂ ಅದು ಇನ್ನೊಂದು ಸಲ ಕಣ್ಣಿಗೇ ತಿರುಗಿಸುತ್ತದೆ. ಬೆಕ್ಕಿನ ಕಣ್ಣು ಹೊಳೆಯೋದೂ ಹಾಗೇ.

ನನಗೆ ಹಿಡಿಸಿದ್ದು ಮಾತ್ರ ಅದರ ನಡಿಗೆ. ಒಂದು ಕೈ ಎತ್ತಿ ಮುಂದಿಡುವಷ್ಟರಲ್ಲಿ ನನ್ನ ಕತ್ತು ನೋಯುತ್ತಿತ್ತು. ಒಂದೆಲೆಯೂ ಅಲುಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎರಡೂ ಕೈ ಚಾಚಿ ಗಬಕ್ಕನೆ ಏನೋ ಹುಳ ಹಿಡಿಯಿತು. ಕಾಲು ಕೊಂಬೆ ಬಿಟ್ಟಿರಲೇ ಇಲ್ಲ! ಬಸ್ಸಿನಲ್ಲಿ ಅರ್ಧ ಗಂಟೆ ಕಂಬಿ ಹಿಡಿದರೆ ನಮ್ಮ ಕೈ ಜೋಮು ಹಿಡಿಯುತ್ತದೆ. ಅದರ ಕೈಕಾಲಿನಲ್ಲಿ ರಕ್ತನಾಳಗಳು ಬಲೆಯ ಹಾಗೆ ಕವಲೊಡೆದಿವೆ. ಗಂಟೆಗಟ್ಟಲೆ ಬಿಗಿಯಾಗಿ ಹಿಡಿದರೂ ರಕ್ತದ ಓಡಾಟ ನಿಲ್ಲೋದಿಲ್ಲ. ಇನ್ನೊಂದು ಹೇಳಿದರೆ ನಗ್ತೀಯ. ತನ್ನ ಉಚ್ಚೆಯನ್ನೇ ಕೈಕಾಲಿಗೆ ಸವರಿಕೊಳ್ಳುತ್ತದೆ. ವಿಷದ ಹುಳ ತಿನ್ನುವಾಗ ಆಗುವ ಉರಿ ತಗ್ಗಲಿಕ್ಕೆ ಇರಬೇಕು ಅಂತ ತಿಳಿದವರ ಅಂದಾಜು.

ನಿಮ್ಮ ಕೋಲಾರದ ಹನುಮನಹಳ್ಳಿ ಬಾವಲಿ ಬಗ್ಗೆ ಬರೆದಿದ್ದೆಯಲ್ಲ, ಮೂಗಿನ ಮೇಲೆ ಎಲೆಯಂಥ ಚರ್ಮ, ಮೂಗಿನಿಂದಲೇ ಕೂಗು, ಪ್ರಪಂಚದಲ್ಲಿ ಇನ್ನೆಲ್ಲೂ ಕಂಡಿಲ್ಲ ಅಂತ. ಒಪ್ಪಿದೆ. ಆದರೆ ಅದಕ್ಕೆ ರೆಕ್ಕೆಯಾದರೂ ಇದೆ. ಕಾಡುಪಾಪಕ್ಕೆ ಜಿಗಿಯೋಕೂ ಬರಲ್ಲ. ಕೊಂಬೆಗೆ ಕೊಂಬೆ ತಾಗಿದ್ದರಷ್ಟೇ ಮುಂದಿನ ಮರ. ಇಲ್ಲದಿದ್ದರೆ ನೆಲಕ್ಕಿಳಿದು ನಾಯಿ ಬಾಯಿಗೆ, ಇಲ್ಲವೇ ಕರೆಂಟು ತಂತಿಗೆ.

ಟ್ರ್ಯಾಕ್ಟರಿಗೆ ಅಡ್ಡ ಅಂತ ದಾರಿ ಮೇಲಿನ ಕೊಂಬೆಗಳನ್ನೆಲ್ಲ ಸವರಿಸಬೇಕು ಅಂತಿದ್ದರು ಮಾವ. ಬೆಳಿಗ್ಗೆ ಮಚ್ಚು ಹಿಡಿದು ನಾನೇ ಹತ್ತಿದೆ. ಕೆಳಗಿನವನ್ನು ಕಡಿದೆ. ತುದಿಯಲ್ಲಿ ಹೊಂಗೆಯೂ ಹುಣಸೆಯೂ ಹೆಣೆದುಕೊಂಡಿದ್ದ ಎರಡು ಕೊಂಬೆ ಹಾಗೇ ಬಿಟ್ಟೆ. "ಅದ್ಯಾಕೋ ಬಿಟ್ಟೆ?" ಅಂದರು. "ಟ್ರ್ಯಾಕ್ಟರು ಅಷ್ಟೆತ್ತರ ಇಲ್ವಲ್ಲ ಮಾವ" ಅಂದೆ. ಗೊಣಗಿಕೊಂಡು ಹೋದರು.

ಸಂಕ್ರಾಂತಿಗೆ ಬಾ. ಟಾರ್ಚು ನಂದು, ಕೆಂಪು ಕಾಗದ ನೀನು ತಾ.

ನಿನ್ನ,
ಗೆಳೆಯ